ಎರೆ ಹೊಲಕ್ಕೆ ಬಂದ ನೀರಿಗೆ ಹೊರಗೆ ಹೋಗುವ ದಾರಿ ಇದೆಯೇ?

ಓದುಗರ ಪ್ರಶ್ನೆ

ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ತುಂಗಭದ್ರಾ ಎಡದಂಡೆ ನಾಲೆಯ ಉಪಕಾಲುವೆ ಪಕ್ಕದಲ್ಲೇ ಆರು ಎಕರೆ ಎರೆ ಹೊಲ ಇದೆ. ಅಜ್ಜನ ಕಾಲಕ್ಕೆ ಬಿಳಿಜೋಳ, ಹತ್ತಿ ಬೆಳೆಯುತ್ತಿದ್ದರಂತೆ. ನಮಗೆ ಬುದ್ಧಿ ಬಂದಾಗಿನಿಂದ ವರ್ಷಕ್ಕೆ ಎರಡು ಸಲ ಭತ್ತ. ಹತ್ತು ವರ್ಷದಿಂದ ಕೆಳಗಿನ ಎರಡು ಎಕರೆಯಲ್ಲಿ ಬೇಸಿಗೆ ಬಂದರೆ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ನಾಟಿ ಮಾಡಿದ ಸಸಿ ತುದಿಯಿಂದ ಸುಟ್ಟುಕೊಂಡು ಬರುತ್ತದೆ. ಗೊಬ್ಬರದ ಅಂಗಡಿಯವರು ಜಿಪ್ಸಂ ಹಾಕಿ, ಜೊತೆಗೆ ಒಂದು ಬಾಟಲಿ ಔಷಧ ಬಿಡಿ ಎನ್ನುತ್ತಾರೆ. ನೀರು ಜಾಸ್ತಿ ನಿಲ್ಲಿಸಿದರೆ ಉಪ್ಪು ತೊಳೆದು ಹೋಗುತ್ತದೆ ಎಂದು ಊರಿನ ಹಿರಿಯರು ಹೇಳುತ್ತಾರೆ. ಡ್ಯಾಮಿನ ಹೂಳು ತೆಗೆದರೆ, ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ಇದೆ. ಕಾಲೇಜಿಗೆ ಹೋಗುವ ನನ್ನ ಅಣ್ಣನ ಮಗಳು, 'ಡ್ಯಾಮು ಕಟ್ಟಿದ್ದೇ ತಪ್ಪು, ನದಿಯೂ ಹಾಳು, ನೆಲವೂ ಹಾಳು' ಎನ್ನುತ್ತಾಳೆ. ಈಗ ಒಬ್ಬರು ಆ ಎರಡು ಎಕರೆಯನ್ನು ಮೀನಿನ ಹೊಂಡಕ್ಕೆ ಲೀಸಿಗೆ ಕೇಳುತ್ತಿದ್ದಾರೆ. ಕೊಡಬಹುದೇ? ನೆಲ ಮತ್ತೆ ಸರಿಯಾಗುತ್ತದೆಯೇ?

ಉತ್ತರ

ನೀವು ಕೇಳಿರುವುದು ಎರಡು ಎಕರೆಯ ಮಾತು, ಆದರೆ ಅದರೊಳಗೆ ಎಪ್ಪತ್ತು ವರ್ಷದ ಚರಿತ್ರೆ ಇದೆ. ಈ ಅಚ್ಚುಕಟ್ಟಿನ ಮಣ್ಣನ್ನು ನಾನು ಮೂವತ್ತು ವರ್ಷದಿಂದ ಅಗೆದು ನೋಡುತ್ತಾ ಬಂದವನು. ಗಂಗಾವತಿಯಿಂದ ಮಾನ್ವಿಯವರೆಗೆ ನಿಮ್ಮಂಥದೇ ಪ್ರಶ್ನೆಯನ್ನು ಎಷ್ಟು ಬದುಗಳ ಮೇಲೆ ನಿಂತು ಕೇಳಿದ್ದೇನೋ ಲೆಕ್ಕವಿಲ್ಲ. ನಿಮ್ಮ ಹೊಲದ ರೋಗಕ್ಕೆ ನಮ್ಮ ಕಡೆ ಹೆಸರಿದೆ: ಸವಳು-ಜವಳು. ಜವಳು ಅಂದರೆ ನೀರು ಬಸಿಯದೆ ಬೇರಿನ ತನಕ ಏರಿ ನಿಂತ ನೆಲ. ಸವಳು ಅಂದರೆ ಆ ನೀರು ಬಿಟ್ಟುಹೋದ ಉಪ್ಪು ಸೇರಿಕೊಂಡ ನೆಲ. ಮೊದಲು ಬರುವುದು ಜವಳು. ಸವಳು ಅದರ ಹಿಂದೆಯೇ ಬರುತ್ತದೆ. ಔಷಧ ಹುಡುಕುವ ಮೊದಲು ಈ ಕ್ರಮ ಮನಸ್ಸಿನಲ್ಲಿರಲಿ.

ಬೇಸಿಗೆಯಲ್ಲಿ ಮನೆಯ ನೀರಿನ ಹರವಿಯ ಹೊರಮೈ ಮುಟ್ಟಿ ನೋಡಿ. ಬೆಳ್ಳಗೆ ಪುಡಿಪುಡಿ ಕೈಗೆ ಹತ್ತುತ್ತದೆ. ನೀರು ಒಳಗಿನಿಂದ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಜಿನುಗಿ ಬಂದು ಗಾಳಿಗೆ ಆರಿಹೋಯಿತು, ಅದರಲ್ಲಿದ್ದ ಉಪ್ಪಿಗೆ ಆರಲು ಬರುವುದಿಲ್ಲ, ಅಲ್ಲೇ ಉಳಿಯಿತು. ನಿಮ್ಮ ಕೆಳಗಿನ ಎರಡು ಎಕರೆ ಈಗ ಆ ಹರವಿಯ ಹೊರಮೈ ಆಗಿದೆ. ಎರೆ ಮಣ್ಣಿನಲ್ಲಿ ಅಂತರ್ಜಲ ಐದಾರು ಅಡಿಯೊಳಗೆ ಬಂದರೆ ಸಾಕು, ಬಿಸಿಲು ಅದನ್ನು ಮೇಲಕ್ಕೆ ಎಳೆಯುತ್ತದೆ.

ಉಪ್ಪು ಬಂದದ್ದು ಎರಡು ಕಡೆಯಿಂದ. ಒಂದು ಪಾಲು ನಿಮ್ಮ ನೆಲದಲ್ಲೇ ಇತ್ತು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ಸೀಮೆ ಇದು. ಆ ಮಳೆಗೆ ಎರೆ ಮಣ್ಣಿನ ಆಳದ ಉಪ್ಪನ್ನು ತೊಳೆದು ನದಿಗೆ ಒಯ್ಯುವಷ್ಟು ಕಸುವಿಲ್ಲ. ಸಾವಿರಾರು ವರ್ಷ ಅದು ಕೆಳಗೆ ಮಲಗಿತ್ತು. ಜೋಳದ ಬೇರಿಗೆ ಅದರ ಗೊಡವೆ ಇರಲಿಲ್ಲ. ಇನ್ನೊಂದು ಪಾಲು ಕಾಲುವೆ ನೀರಿನದು. ತುಂಗಭದ್ರೆಯ ನೀರು ಸಿಹಿನೀರೇ, ಅದರಲ್ಲಿ ಅನುಮಾನವಿಲ್ಲ. ಆದರೂ ಲೆಕ್ಕ ಹಾಕಿ ನೋಡಿ. ಲೀಟರಿಗೆ 200 ಮಿಲಿಗ್ರಾಂ ಲವಣ ಇದೆ ಎಂದುಕೊಂಡರೂ, ಒಂದು ಎಕರೆಗೆ 1,200 ಮಿಲಿಮೀಟರ್ ನೀರು ಕೊಟ್ಟು ಒಂದು ಭತ್ತದ ಬೆಳೆ ತೆಗೆದರೆ ಹೆಚ್ಚುಕಡಿಮೆ ಒಂದು ಟನ್ ಉಪ್ಪು ಹೊಲಕ್ಕೆ ಬಂದ ಹಾಗೆ. ಎರಡು ಬೆಳೆಗೆ ಎರಡು ಟನ್. ಬಂದ ನೀರಿನಲ್ಲಿ ಸ್ವಲ್ಪವಾದರೂ ಬಸಿದು ಹಳ್ಳ ಸೇರಿದರೆ ಉಪ್ಪೂ ಜೊತೆಗೆ ಹೋಗುತ್ತದೆ. ಹೋಗುವ ದಾರಿ ಇಲ್ಲದಿದ್ದರೆ ವರ್ಷವರ್ಷವೂ ಜಮೆ. ಮೇಲಿನ ನಾಲ್ಕು ಎಕರೆಯ ಬಸಿನೀರು, ಪಕ್ಕದ ಉಪಕಾಲುವೆಯ ಸೋರಿಕೆ, ಎರಡೂ ಇಳಿದು ನಿಲ್ಲುವುದು ಕೆಳಗಿನ ಎರಡು ಎಕರೆಯಲ್ಲಿ. ಅದಕ್ಕೇ ಅಲ್ಲಿ ಮೊದಲು ಕಾಣಿಸಿತು.

ಈಗ ನಿಮ್ಮ ಅಣ್ಣನ ಮಗಳ ಮಾತಿಗೆ ಬರುತ್ತೇನೆ. ಆಕೆ ಹೇಳಿದ್ದರಲ್ಲಿ ನಿಜ ಬಹಳ ಇದೆ. ಆದರೆ ನಿಮ್ಮ ಹೊಲದ ಮಟ್ಟಿಗೆ ಕಾರಣ ಹೊಸಪೇಟೆಯ ಆ ಗೋಡೆಯಲ್ಲ. ತುಂಗಭದ್ರೆಗೆ ಕಟ್ಟೆ ಕಟ್ಟುವ ಯೋಚನೆ 1860ರಷ್ಟು ಹಿಂದೆ ಸರ್ ಆರ್ಥರ್ ಕಾಟನ್ ಅವರಿಂದ ಶುರುವಾದದ್ದು. ಆಮೇಲೆ 1876ರಿಂದ 78ರ ಭೀಕರ ಬರ ಬಳ್ಳಾರಿ, ರಾಯಚೂರು ಸೀಮೆಯನ್ನು ಅರೆದು ಹಾಕಿತು. ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರ ಕೂಡಿ 1945ರಲ್ಲಿ ಕೆಲಸ ಆರಂಭಿಸಿದವು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಬರಗಾಲದ ನೆಲಕ್ಕೆ ಜೀವ ಉಳಿಸುವಷ್ಟು ನೀರು ಕೊಡುವುದು ಆಗಿನ ಉದ್ದೇಶ. ಎಡದಂಡೆಯ ಸುಮಾರು ಆರು ಲಕ್ಷ ಎಕರೆ ಅಚ್ಚುಕಟ್ಟಿನಲ್ಲಿ ಬಹುಪಾಲನ್ನು ಜೋಳ, ಹತ್ತಿ, ಸಜ್ಜೆ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆ ಗುರುತು ಮಾಡಿದ್ದರು. ಭತ್ತ, ಕಬ್ಬಿಗೆ ಸಣ್ಣ ಪಾಲು. ಕಾಲುವೆಯ ಅಗಲ, ತೂಬಿನ ಗಾತ್ರ, ಬಸಿಗಾಲುವೆಯ ಲೆಕ್ಕ ಎಲ್ಲವೂ ಆ ತೆಳುವಾದ ನೀರಿಗೆ ಹೊಂದಿಕೊಂಡಿದ್ದವು.

ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಭತ್ತದ ಕಸುಬು ತಂದರು. ದುಡ್ಡು ಕಂಡಿತು. ಊರಿನವರೂ ಕಲಿತರು. ಇದರಲ್ಲಿ ಯಾರದೂ ಪಾಪವೆಂದು ನಾನು ಹೇಳುವುದಿಲ್ಲ. ಸಾಲ ತೀರಿಸಲು, ಮಕ್ಕಳನ್ನು ಓದಿಸಲು ಭತ್ತವೇ ದಾರಿಯಾಯಿತು. ಅದನ್ನು ಕೊಳ್ಳಲು ಗಿರಣಿ, ಸಾಲ ಕೊಡಲು ಅಂಗಡಿ ಎಲ್ಲ ಪಕ್ಕದಲ್ಲೇ ಇದ್ದವು, ಜೋಳಕ್ಕೆ ಆ ಅನುಕೂಲ ಇರಲಿಲ್ಲ. ಆದರೆ ಜೋಳಕ್ಕೆಂದು ಮಾಡಿದ ವ್ಯವಸ್ಥೆಯಲ್ಲಿ ಎರಡು-ಮೂರು ಪಟ್ಟು ನೀರು ಹರಿದಾಗ ಎರಡು ಕಡೆ ಏಟು ಬಿತ್ತು. ಮೇಲ್ಭಾಗದಲ್ಲಿ ನೀರು ನಿಂತು ನೆಲ ಸವಳಾಯಿತು. ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆ ಕಾಲುವೆ ಇದ್ದೂ ನೀರು ಮುಟ್ಟಲಿಲ್ಲ. ಅಲ್ಲಿನವರು ಹೆದ್ದಾರಿಯಲ್ಲಿ ಕೂತು 'ನೀರು ಬಿಡಿ' ಎಂದು ಕೂಗುವ ಹೊತ್ತಿನಲ್ಲೇ ಇಲ್ಲಿ ನೀವು ನೀರು ಹೆಚ್ಚಾಗಿ ಹೊಲ ಕಳೆದುಕೊಳ್ಳುತ್ತಿದ್ದೀರಿ. ನನ್ನ ಕೆಲಸದಲ್ಲಿ ನನಗೆ ಅತಿ ನೋವು ಕೊಟ್ಟ ಸಂಗತಿ ಇದೇ.

ಹಂಪಿಯ ಸುತ್ತ ವಿಜಯನಗರದ ಕಾಲದ ತುರ್ತು ಕಾಲುವೆಯಂಥವು ಇವತ್ತಿಗೂ ಹರಿಯುತ್ತಿವೆ, ಗದ್ದೆ ಹಸಿರಾಗಿಯೇ ಇದೆ, ನೆಲ ಕೆಟ್ಟಿಲ್ಲವಲ್ಲ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆ ಗದ್ದೆಗಳು ನದಿಗೆ ಹತ್ತಿರ, ಇಳಿಜಾರಿನಲ್ಲಿವೆ. ಒಂದು ಕಡೆಯಿಂದ ಬಂದ ನೀರು ಇನ್ನೊಂದು ಕಡೆಯಿಂದ ಬಸಿದು ಮತ್ತೆ ನದಿಗೇ ಸೇರುತ್ತದೆ. ನಿಮ್ಮ ಎರೆ ಹೊಲ ನದಿಯಿಂದ ದೂರ, ಸಮತಟ್ಟು, ಮಣ್ಣು ಜಿಗಟು. ಇಲ್ಲಿ ಇಳಿಜಾರು ಮಾಡಬೇಕಾದ ಕೆಲಸವನ್ನು ಬಸಿಗಾಲುವೆ ಮಾಡಬೇಕಿತ್ತು.

ನದಿಯ ವಿಷಯದಲ್ಲಿ ಹುಡುಗಿಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಟ್ಟೆಯ ಕೆಳಗೆ ಬೇಸಿಗೆಯಲ್ಲಿ ಹರಿವು ಸೊರಗುತ್ತದೆ, ಮೀನು ಮೇಲಕ್ಕೆ ಏರಲಾರದು, ಹೊಳೆ ದಂಡೆಗೆ ಪ್ರತಿವರ್ಷ ಸಿಗುತ್ತಿದ್ದ ಮೆಕ್ಕಲು ಮಣ್ಣು ಜಲಾಶಯದ ತಳದಲ್ಲಿ ಕೂತುಬಿಡುತ್ತದೆ. ಉಳಿದ ಹರಿವಿನಲ್ಲೇ ನೀರುನಾಯಿಗಳು ಬದುಕಿವೆ ಎಂದು ಗೊತ್ತಾಗಿ, ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ಜಲಾಶಯದ ನೀರು ಕೆಲವು ತಿಂಗಳು ಹಸಿರಾಗುವುದನ್ನೂ ನೀವು ನೋಡಿರಬೇಕು. ಅದು ಪಾಚಿ. ಹೊಲದ ಗೊಬ್ಬರ, ಊರಿನ ಚರಂಡಿ ಸೇರಿ ನಿಂತ ನೀರಿಗೆ ಬಿಸಿಲು ತಾಗಿದರೆ ಬೆಳೆಯುತ್ತದೆ. ಇದರಿಂದ ಭತ್ತದ ಸಸಿ ಸುಡುವುದಿಲ್ಲ. ಆದರೆ ಹಸಿರು ಕಂಡ ನೀರನ್ನು ಕುದಿಸಿ ಕುಡಿದರಾಯಿತು ಎಂದುಕೊಳ್ಳಬೇಡಿ. ಅಂಥ ಕೆಲವು ಪಾಚಿಗಳ ವಿಷ ಕುದಿಸಿದರೂ ಹೋಗುವುದಿಲ್ಲ. ದನಕರುಗಳಿಗೂ ಬೇಡ.

ಹೂಳಿನ ಮಾತು. 1953ರಲ್ಲಿ ಜಲಾಶಯದ ಸಾಮರ್ಥ್ಯ 132.47 ಟಿಎಂಸಿ. 2016ರ ಸಮೀಕ್ಷೆಯಲ್ಲಿ 105.788 ಟಿಎಂಸಿ. ಅಂದರೆ ಸುಮಾರು 27 ಟಿಎಂಸಿ ಜಾಗವನ್ನು ಹೂಳು ತಿಂದಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಹತ್ತಿರ ಹತ್ತಿರ 2.83 ಕೋಟಿ ಘನ ಮೀಟರ್. ಹತ್ತು ಘನ ಮೀಟರ್ ಹಿಡಿಸುವ ಟಿಪ್ಪರಿನಲ್ಲಿ ಅಷ್ಟನ್ನೂ ಸಾಗಿಸಬೇಕಾದರೆ ಏಳೂವರೆ ಕೋಟಿ ಲೋಡು. ಇನ್ನೂ ಒಂದು ಮಾತಿದೆ. 63 ವರ್ಷದಲ್ಲಿ ಇಷ್ಟು ಬಂತೆಂದರೆ ಸರಾಸರಿ ವರ್ಷಕ್ಕೆ ಹನ್ನೆರಡು ಲಕ್ಷ ಲೋಡು ಬರುತ್ತಲೇ ಇದೆ. ಬರುವುದನ್ನು ಮಾತ್ರ ತೆಗೆಯಲಿಕ್ಕೇ ರಜೆಯಿಲ್ಲದೆ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಟಿಪ್ಪರ್ ಓಡಬೇಕು. ಹಿಂದೊಮ್ಮೆ ರೈತರೇ ಚಂದಾ ಎತ್ತಿ, ಬೇಸಿಗೆಯಲ್ಲಿ ಜಲಾಶಯಕ್ಕಿಳಿದು ಹೂಳು ತೆಗೆದರು. ಅವರ ಮೇಲೆ ನನಗೆ ದೊಡ್ಡ ಗೌರವವಿದೆ. ಆ ಮಣ್ಣು ಮಸಾರಿ (ಕೆಂಪು ಮಣ್ಣಿನ) ಹೊಲಗಳಿಗೆ ಒಳ್ಳೆಯ ಗೊಬ್ಬರವೂ ಹೌದು. ಆದರೆ ಹೂಳು ಕಡಿಮೆಯಾಗಬೇಕಾದರೆ ಮೇಲಿನ ಜಲಾನಯನದಲ್ಲಿ, ವರದಾ ದಂಡೆಯ ಹೊಲಗಳಲ್ಲಿ, ಮಲೆನಾಡಿನ ಕಡಿದ ಗುಡ್ಡಗಳಲ್ಲಿ, ಗಣಿ ಸೀಮೆಯ ಹಳ್ಳಗಳಲ್ಲಿ ಮಣ್ಣು ಹಿಡಿಯಬೇಕು.

ನವಲಿಯ ಸಮತೋಲನ ಜಲಾಶಯ ಮಳೆಗಾಲದಲ್ಲಿ ಕೈತಪ್ಪಿ ಹೋಗುವ ನೀರನ್ನು ಹಿಡಿಯಲು ಹಾಕಿದ ಯೋಜನೆ. ಅದಕ್ಕೆ ಕರ್ನಾಟಕದ ಜೊತೆ ಆಂಧ್ರ, ತೆಲಂಗಾಣವೂ ಒಪ್ಪಬೇಕು. ಕೊನೆಭಾಗದವರಿಗೆ ಅದರಿಂದ ಅನುಕೂಲ ಆದೀತು. ನಿಮ್ಮ ಕೆಳಗಿನ ಎರಡು ಎಕರೆಗೆ? ಬಸಿಗಾಲುವೆ ಇಲ್ಲದೆ ಎರಡನೇ ಬೆಳೆಗೆ ಇನ್ನಷ್ಟು ನೀರು ಖಾತ್ರಿಯಾದರೆ ಸವಳು ಎರಡರಿಂದ ಮೂರು ಎಕರೆಗೆ ಏರುತ್ತದೆ. ಯಾರ ಪರವೂ ವಿರೋಧವೂ ಆಗಿ ಇದನ್ನು ಹೇಳುತ್ತಿಲ್ಲ, ಮಣ್ಣು ನೋಡಿದವನಾಗಿ ಹೇಳುತ್ತಿದ್ದೇನೆ.

ಊರ ಹಿರಿಯರು ಹೇಳಿದ 'ನೀರು ನಿಲ್ಲಿಸಿ ತೊಳೆಯುವ' ಮಾತು ಅರ್ಧ ಸತ್ಯ. ಉಪ್ಪನ್ನು ತೊಳೆಯುವುದು ನೀರೇ, ಬೇರೆ ಯಾವುದೂ ಅಲ್ಲ. ಆದರೆ ತಳಕ್ಕೆ ತೂತಿಲ್ಲದ ಕುಂಡಕ್ಕೆ ಎಷ್ಟು ನೀರು ಹೊಯ್ದರೂ ಉಪ್ಪು ಹೋಗುವುದೆಲ್ಲಿಗೆ? ನೀರು ನಿಂತಿರುವ ತನಕ ಅದು ಕರಗಿ ಕೆಳಗಿಳಿದಂತೆ ಕಾಣುತ್ತದೆ, ಸಸಿಯೂ ಚೇತರಿಸಿಕೊಂಡಂತೆ ಕಾಣುತ್ತದೆ. ಕಟಾವಾಗಿ ನೀರು ಆರಿದ ಮೇಲೆ ಮತ್ತೆ ಮೇಲೆ.

ಅಂಗಡಿಯ ಬಾಟಲಿಯನ್ನು ಮರೆತುಬಿಡಿ. ಮಣ್ಣಿನಲ್ಲಿರುವ ಉಪ್ಪನ್ನು ಇಲ್ಲವಾಗಿಸುವ ದ್ರಾವಣ ಜಗತ್ತಿನಲ್ಲಿಲ್ಲ. ಜಿಪ್ಸಂ ಮಾತ್ರ ನಿಜವಾದ ಮದ್ದು, ಆದರೆ ಬೇರೆ ರೋಗಕ್ಕೆ. ಕೆಟ್ಟ ನೆಲದಲ್ಲಿ ಎರಡು ಬಗೆ. ಒಂದರಲ್ಲಿ ಕರಗುವ ಲವಣ ಹೆಚ್ಚು: ಬೆಳ್ಳಗೆ ಪೊರೆ ಕಟ್ಟುತ್ತದೆ, ಕಾಲಿಟ್ಟರೆ ಮಣ್ಣು ಉಬ್ಬಿದಂತೆ ಮೆತ್ತಗಿರುತ್ತದೆ. ಇನ್ನೊಂದರಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ: ಮೇಲ್ಮೈ ಕಪ್ಪಾಗಿ, ಒದ್ದೆಯಾದರೆ ಅಂಟಂಟು, ಒಣಗಿದರೆ ಕಲ್ಲು, ಮಳೆ ನೀರು ದಿನಗಟ್ಟಲೆ ಬಗ್ಗಡವಾಗಿ ನಿಲ್ಲುತ್ತದೆ. ಇದು ಕ್ಷಾರದ ನೆಲ, ಜಿಪ್ಸಂ ಬೇಕಾದದ್ದು ಇದಕ್ಕೆ. ಮೊದಲ ಬಗೆಗೆ ಜಿಪ್ಸಂ ಸುರಿದರೆ ದುಡ್ಡು ದಂಡ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಹಿಡಿ ಒಣ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ಮಳೆ ನೀರು ತುಂಬಿ, ಕುಲುಕಿ ಒಂದು ದಿನ ಬಿಡಿ. ಮಣ್ಣು ಕೆಳಗೆ ಕೂತು ನೀರು ತಿಳಿಯಾದರೆ ಲವಣದ ಕಡೆ. ಬಗ್ಗಡವಾಗಿಯೇ ಉಳಿದರೆ ಕ್ಷಾರದ ಕಡೆ. ಇದು ಸುಳಿವು ಅಷ್ಟೇ. ಖಚಿತವಾಗಬೇಕಾದರೆ ಪ್ರಯೋಗಾಲಯ ಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆಯೇ ಕೆಲಸ ಮಾಡುವವರಿದ್ದಾರೆ. ಮೇಲಿನ ಅರ್ಧ ಅಡಿ, ಒಂದು ಅಡಿ, ಎರಡು ಅಡಿ, ಮೂರು ಅಡಿ, ಹೀಗೆ ಬೇರೆಬೇರೆ ಚೀಲದಲ್ಲಿ ಮಣ್ಣು ಒಯ್ಯಿರಿ. ಎಲ್ಲ ಕಲಸಿ ಒಯ್ದರೆ ಉಪ್ಪು ಎಲ್ಲಿ ಕೂತಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ವಿದ್ಯುದ್ವಾಹಕತೆ (ಇಸಿ) ಮತ್ತು ರಸಸಾರದ (ಪಿಎಚ್) ಜೊತೆಗೆ ಸೋಡಿಯಂ ಪ್ರಮಾಣವನ್ನೂ ಕೇಳಿ ಬರೆಸಿಕೊಳ್ಳಿ.

ದಾರಿಗಳೇನು? ಮೊದಲನೆಯದು ಬಸಿಗಾಲುವೆ. ನಿಮ್ಮ ಕೆಳಗಿನ ಬದುವಿನಿಂದ ಹತ್ತಿರದ ಹಳ್ಳದವರೆಗೆ ಹಳೆಯ ಬಸಿಗಾಲುವೆ ಇತ್ತೇ ಎಂದು ಹಿರಿಯರನ್ನು ಕೇಳಿ. ಬಹಳ ಕಡೆ ಇದ್ದದ್ದು ಹೂತುಹೋಗಿದೆ, ಇಲ್ಲವೇ ಎರಡು ಸಾಲು ಭತ್ತಕ್ಕಾಗಿ ಒತ್ತುವರಿಯಾಗಿದೆ. ಕಾರಟಗಿ ಕಡೆಯ ಒಂದು ಊರಿನಲ್ಲಿ ಹನ್ನೊಂದು ಜನ ರೈತರನ್ನು ಒಂದು ಬೇವಿನ ಮರದ ಕೆಳಗೆ ಕೂರಿಸಲು ನಮಗೆ ಎರಡು ಬೇಸಿಗೆ ಹಿಡಿಯಿತು. ಜೆಸಿಬಿ ಕೆಲಸ ಮುಗಿದದ್ದು ನಾಲ್ಕೇ ದಿನದಲ್ಲಿ. ಮೂರನೇ ವರ್ಷ ಆ ಸಾಲಿನ ಹೊಲಗಳಲ್ಲಿ ಬಿಳಿ ಕಲೆ ಕುಗ್ಗಿತು. ಆದರೆ ಅದೇ ಬಸಿನೀರು ಹೋಗಿ ಸೇರಿದ ಕೆಳಗಿನ ಹಳ್ಳದ ದಂಡೆಯಲ್ಲಿ ಒಬ್ಬರ ಬಾವಿಯ ನೀರು ಉಪ್ಪಾಯಿತು. ಹಳ್ಳ ಸರಾಗವಾಗಿ ಹರಿಯುತ್ತದೋ ಇಲ್ಲವೋ ಎಂದು ನಾವು ಮೊದಲೇ ನೋಡಬೇಕಿತ್ತು. ನೀವು ನೋಡಿಕೊಳ್ಳಿ.

ಎರಡನೆಯದು ನೆಲದೊಳಗಿನ ಕೊಳವೆ. ತೂತು ಕೊರೆದು ಸೋಸುಬಟ್ಟೆ ಸುತ್ತಿದ ಪ್ಲಾಸ್ಟಿಕ್ ಕೊಳವೆಗಳನ್ನು ಮೂರು-ನಾಲ್ಕು ಅಡಿ ಆಳದಲ್ಲಿ, ಸಾಲುಸಾಲಾಗಿ ಹಾಕುತ್ತಾರೆ. ಕಳೆದುಹೋದ ನೆಲ ವಾಪಸು ಬರುವುದಕ್ಕೆ ಇದಕ್ಕಿಂತ ಗಟ್ಟಿ ಉಪಾಯ ನಾನು ಕಂಡಿಲ್ಲ. ರಾಜಸ್ಥಾನದ ಚಂಬಲ್ ಅಚ್ಚುಕಟ್ಟಿನಲ್ಲಿ 1990ರ ದಶಕದಲ್ಲಿ ಇದನ್ನು ದೊಡ್ಡದಾಗಿ ಮಾಡಿದರು. ಖರ್ಚು ದೊಡ್ಡದು. ಎರಡು ಎಕರೆಗೆ ಒಬ್ಬರೇ ಹಾಕಿಸಿದರೆ ಫಲವಿಲ್ಲ, ಸುತ್ತಲಿನ ನೀರೆಲ್ಲ ನಿಮ್ಮ ಕೊಳವೆಗೇ ಬರುತ್ತದೆ. ಐವತ್ತು-ನೂರು ಎಕರೆಯವರು ಸೇರಿ, ಮುನಿರಾಬಾದಿನ ಕಾಡಾ (ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಗುಂಪಾಗಿ ಅರ್ಜಿ ಕೊಟ್ಟು ವಿಚಾರಿಸಿ. ಕೊಳವೆಯ ಬಾಯಿ ಹೂಳು ತುಂಬದಂತೆ ವರ್ಷಕ್ಕೊಮ್ಮೆ ಯಾರು ತೆಗೆಯುತ್ತಾರೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಾನು ಕಂಡ ವಿಫಲ ಕೊಳವೆಗಳೆಲ್ಲ ಬಾಯಿ ಮುಚ್ಚಿ ವಿಫಲವಾದವು.

ಮೂರನೆಯದು ಬೆಳೆ. ಮುಂಗಾರಿನಲ್ಲಿ ಭತ್ತ ಬಿಡಿ ಎಂದು ನಾನು ಹೇಳಲಾರೆ. ಮಳೆ, ಕಾಲುವೆ ನೀರು ಎರಡೂ ಸೇರಿದ ಆ ಹಂಗಾಮೇ ಉಪ್ಪು ತೊಳೆಯುವ ಕಾಲ. ಲವಣ, ಕ್ಷಾರ ತಡೆಯುವ ಸಿಎಸ್‌ಆರ್ ಸರಣಿಯ ಭತ್ತದ ತಳಿಗಳನ್ನು ಕೆಳಗಿನ ಎರಡು ಎಕರೆಗೆ ಕೇಳಿ ನೋಡಿ. ನಾಟಿಗೆ ಮೊದಲು ಹಸಿರೆಲೆ ಗೊಬ್ಬರದ ಡಯಂಚ ಬೆಳೆದು ಅಲ್ಲೇ ಉಳುಮೆ ಮಾಡಿ. ಸಸಿ ಸ್ವಲ್ಪ ಬಲಿತದ್ದನ್ನು, ಗುಣಿಗೆ ಒಂದೆರಡು ಹೆಚ್ಚಿಗೆ ನೆಡಿ. ಎರಡನೇ ಬೆಳೆಗೆ ಮಾತ್ರ ಮೇಲಿನ ನಾಲ್ಕು ಎಕರೆಯಲ್ಲಿ ಭತ್ತ ನಿಲ್ಲಿಸಿ ಜೋಳ ಹಾಕಿ. ಕೆಳಗಿನ ಎರಡು ಎಕರೆಯ ಅಂತರ್ಜಲ ಇಳಿಯುವುದು ಮೇಲಿನ ನಾಲ್ಕು ಎಕರೆಯಿಂದ. ಕೆಳಗೆ ಕುಸುಬೆ ತಡೆದುಕೊಳ್ಳುತ್ತದೆ. ಕಡಲೆ, ಹೆಸರು ಬೇಡ, ಉಪ್ಪು ತಾಗಿದರೆ ಅವು ಮೊದಲು ಸಾಯುತ್ತವೆ. ಒಂದು ಎಚ್ಚರಿಕೆ: ಕೆಳಗಿನ ನೆಲವನ್ನು ಬೇಸಿಗೆಯಲ್ಲಿ ಬರಿದಾಗಿ ಬಿಟ್ಟರೆ ವಿಶ್ರಾಂತಿ ಸಿಗುತ್ತದೆ ಎನ್ನುವುದು ಒಣಭೂಮಿಯ ಪಾಠ. ಜವಳು ನೆಲದಲ್ಲಿ ಅದು ಉಲ್ಟಾ. ಬೆತ್ತಲೆ ನೆಲವೇ ಹೆಚ್ಚು ಉಪ್ಪು ಎಳೆಯುತ್ತದೆ. ಕಟಾವಾದ ಕೂಡಲೇ ಉಳುಮೆ ಮಾಡಿ ಮಣ್ಣಿನ ಸೂಕ್ಷ್ಮ ನಾಳ ಕಡಿಯಿರಿ, ಭತ್ತದ ಹುಲ್ಲು ಸುಡದೆ ಮೇಲೆ ಹರಡಿ.

ಮೀನಿನ ಹೊಂಡಕ್ಕೆ ಕೊಡುವ ವಿಚಾರ. ಲೀಸಿನ ಹಣ ಕೈಗೆ ಬರುತ್ತದೆ, ಸುಳ್ಳಲ್ಲ. ಆದರೆ ವರ್ಷವಿಡೀ ನೀರು ನಿಂತ ಹೊಂಡದ ಸೋರಿಕೆ ನಿಮ್ಮದೇ ಮೇಲಿನ ಹೊಲದ ಅಂಚಿಗೆ, ಪಕ್ಕದವರ ಗದ್ದೆಗೆ ಹೋಗುತ್ತದೆ. ಮೇಲ್ಮಣ್ಣು ಕೆತ್ತಿ ದಂಡೆಗೆ ಏರಿಸಿದರೆ ಮುಂದೆ ಮುಚ್ಚಿದರೂ ಅದು ಹೊಲವಾಗುವುದಿಲ್ಲ. ಕೊನೆಭಾಗದವರ ನೀರಿನ ಪಾಲೂ ಅದರಲ್ಲಿದೆ. ನನ್ನನ್ನು ಕೇಳಿದರೆ ಈ ವರ್ಷ ಕೊಡಬೇಡಿ. ಮಣ್ಣು ಪರೀಕ್ಷೆ ಆಗಿ, ಹಳ್ಳಕ್ಕೆ ದಾರಿಯೇ ಇಲ್ಲವೆಂದು ಖಾತ್ರಿಯಾದ ಮೇಲೆ ಆ ಮಾತು.

ನೆಲ ಸರಿಯಾಗುತ್ತದೆಯೇ ಎಂದು ಕೇಳಿದ್ದೀರಿ. ಲವಣದ ನೆಲವಾದರೆ, ಬಸಿದು ಹೋಗಲು ದಾರಿ ಸಿಕ್ಕರೆ, ಮೂರ್ನಾಲ್ಕು ಮುಂಗಾರಿನಲ್ಲಿ ಸರಿಯಾಗುತ್ತದೆ. ಕ್ಷಾರದ ನೆಲವಾದರೆ ಜಿಪ್ಸಂ ಸೇರಿ ಇನ್ನೂ ನಿಧಾನ. ಎರಡು ಬೆಳೆಯ ಭತ್ತವೂ ಬೇಕು, ಬಸಿಗಾಲುವೆಯೂ ಬೇಡ ಎಂದರೆ ಆಗುವುದಿಲ್ಲ.

ಈ ವಾರವೇ ಒಂದು ಕೆಲಸ ಮಾಡಿ. ಎಂಟು ಅಡಿ ಪಿವಿಸಿ ಪೈಪಿನ ಕೆಳಗಿನ ನಾಲ್ಕು ಅಡಿಗೆ ಮೊಳೆ ಕಾಯಿಸಿ ತೂತು ಮಾಡಿ, ಗೋಣಿ ಸುತ್ತಿ, ಕೆಳಗಿನ ಹೊಲದಲ್ಲಿ ಒಂದು, ಮೇಲಿನ ಹೊಲದಲ್ಲಿ ಒಂದು ಹೂಳಿ. ಹದಿನೈದು ದಿನಕ್ಕೊಮ್ಮೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರು ಎಷ್ಟು ಅಡಿಗಿದೆ ಎಂದು ಬರೆದಿಡಿ. ಕಾಲುವೆಗೆ ನೀರು ಬಿಟ್ಟ ದಿನ, ನಿಲ್ಲಿಸಿದ ದಿನವನ್ನೂ ಗುರುತು ಹಾಕಿ. ನಿಮ್ಮ ಅಣ್ಣನ ಮಗಳ ಕೈಗೆ ಈ ಲೆಕ್ಕದ ಪುಸ್ತಕ ಕೊಡಿ. ಒಂದು ವರ್ಷದ ಲೆಕ್ಕ ಹಿಡಿದು ನೀವಿಬ್ಬರೂ ಗಂಗಾವತಿಗೋ ಮುನಿರಾಬಾದಿಗೋ ಹೋದರೆ, ಅಲ್ಲಿ ಕೂತವರು ನಿಮ್ಮ ಮಾತನ್ನು ಬೇರೆ ರೀತಿಯಲ್ಲಿ ಕೇಳುತ್ತಾರೆ.